ಕಾಕಾ ಬಿಚ್ಚಿದ ರೇಸ್ ವೈರ್

ಆ ಮಳೆಗಾಲ, ನಾಗರಪಂಚಮಿಯ ಮರುದಿನ ಸಂಜೆ, ನಮ್ಮ ಹಾಯಿದೋಣಿ ಕೃಷ್ಣಾ ದಂಡೆಯ ಕಲ್ಲಿಗೆ ಬಡಿಯಿತು. ಅವ್ವನ ಬಲಗೈಯ ಎರಡು ಬೆರಳು ಮುರಿದವು. ನಾನಾಗ ಐದನೆಯ ತರಗತಿಯಲ್ಲಿದ್ದೆ.

ಆಗ ರಾಯಬಾಗ ಕಡೆಯ ನಮ್ಮೂರಿಗೂ ಅಥಣಿ ಕಡೆಯ ದಂಡೆಗೂ ನಡುವೆ ಸೇತುವೆ ಇರಲಿಲ್ಲ. ಗಾಳಿ ಇದ್ದರೆ ಹಾಯಿ, ಗಾಳಿ ನಿಂತರೆ ಎಂಜಿನ್. ಹಾಯಿ, ಚುಕ್ಕಾಣಿ ಅಪ್ಪನ ಪಾಲಿನವು, ಎಂಜಿನ್ ಅವ್ವನದು. ಹಳೆಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್. ಬೇಸಿಗೆಯಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾನ ಕಬ್ಬಿಗೆ ನೀರೆತ್ತಿ, ಮಳೆಗಾಲಕ್ಕೆ ದೋಣಿಗೆ ಬರುತ್ತಿತ್ತು. ಬಂದ ದಿನವೇ ಅವ್ವ ಕರಿ ಎಣ್ಣೆ ಇಳಿಸಿ, ಧೋತರದ ತುಂಡಿನಲ್ಲಿ ಡೀಸೆಲ್ ಸೋಸಿ, ನೀರಿನ ಕೊಳವೆಯಲ್ಲಿ ಕೂತ ಉಸುಕನ್ನು ಕಡ್ಡಿಯಿಂದ ಕೆದರಿ ತೆಗೆಯುತ್ತಿದ್ದಳು. ನಾನೂ ತಂಗಿಯೂ ಆ ಎಣ್ಣೆಯಿಂದ ಮೀಸೆ ಬರೆದುಕೊಂಡು ಫೌಜದಾರನ ಆಟ ಆಡುತ್ತಿದ್ದೆವು. ಅವ್ವ ಎಷ್ಟು ಕೈ ತೊಳೆದರೂ ರೊಟ್ಟಿ, ಶೇಂಗಾ ಹಿಂಡಿಗೆ ಡೀಸೆಲ್ ವಾಸನೆ ಇರುತ್ತಿತ್ತು.

ಆ ವರ್ಷ ಬಂದ ಎಂಜಿನ್‌ಗೆ ರೇಸ್ ವೈರ್ ಇರಲಿಲ್ಲ. ವೇಗ ಏರಿಸಿ ಇಳಿಸುವುದು, ಎಂಜಿನ್ ಆರಿಸುವುದು ಆ ತಂತಿಯಿಂದಲೇ. ಹೊಲದಲ್ಲಿ ಎಂಜಿನ್ ದಿನವಿಡೀ ಒಂದೇ ವೇಗದಲ್ಲಿ ಓಡುತ್ತದೆ. ಅದಕ್ಕೆ ಕಾಕಾ ಅಲ್ಲಿ ಸುತಳಿ ಬಿಗಿದು, ತಂತಿಯನ್ನು ತನ್ನ ಮೋಟಾರ್‌ಸೈಕಲ್ಲಿನ ಕ್ಲಚ್ಚಿಗೆ ಹಾಕಿಕೊಂಡಿದ್ದ.

"ಚಿಕ್ಕೋಡಿಗೆ ಹೋದಾಗ ಹೊಸಾದ ತರತೇನಿ ತಗೋ ವೈನಿ. ಸುತಳಿ ಗಟ್ಟಿ ಐತಿ," ಎಂದ ಅವ್ವನಿಗೆ.

"ಹೊಲ ಹೋಗಿ ದಂಡಿಗೆ ಬಡಿಯೂದಿಲ್ಲಪಾ, ದೋಣಿ ಬಡಿತೈತಿ. ವೈರ್ ಬರೂತನಕ ನಾ ಹ್ಯಾಂಡಲ್ ಮುಟ್ಟೂದಿಲ್ಲ," ಎಂದಳು ಅವ್ವ.

ಕಾಕಾ ಚಿಕ್ಕೋಡಿಗೆ ಎರಡು ಸಲ ಹೋಗಿ ಬಂದ. ವೈರ್ ಬರಲಿಲ್ಲ. ದೋಣಿ ಹಾಯಿಯ ಮೇಲೆಯೇ ನಡೆಯಿತು.

ಪಂಚಮಿಯ ಮರುದಿನ ನಾವು ಆಚೆ ದಂಡೆಯಲ್ಲಿದ್ದಾಗ ಗಾಳಿ ಬಿದ್ದುಹೋಯಿತು. ತವರಿನಿಂದ ಮರಳುತ್ತಿದ್ದ ನಮ್ಮೂರ ಜೈನರ ಸೊಸೆಯಂದಿರು ದೋಣಿ ಹತ್ತಿ ಕೂತಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ.

"ಇವತ್ ನಮಗ ಉಪಾಸ ಏನ್ರೀ? ಪಂಚಮಿ ಉಂಡಿ ಡಬ್ಬ್ಯಾಗ ಅಳಾಕತ್ತಾವ," ಎಂದು ಹಿರಿಯಾಕೆ ನಕ್ಕಳು.

ಅಪ್ಪ ಅವ್ವನ ಕಡೆ ತಿರುಗಿದ. "ಒಂದ್ ಸಲ ಹಚ್ಚು."

"ಆರಸಾಕ ಬರೂದಿಲ್ಲಂತ ಹೇಳೇನಿಲ್ಲ?"

"ಮಂದಿ ಮುಂದ ಮರ್ಯಾದಿ ತಗೀಬ್ಯಾಡ. ಹಚ್ಚು."

ಅವ್ವ ಹಚ್ಚಿದಳು. ನಮ್ಮ ದಂಡೆ ಹತ್ತಿರವಾದಾಗ ಎಂಜಿನ್ ಮೇಲೆ ಬಗ್ಗಿ, ಸುತಳಿ ಕಿತ್ತು, ತಂತಿ ಎಳೆಯಬೇಕಿದ್ದ ಡೀಸೆಲ್ ಪಂಪಿನ ಕಬ್ಬಿಣದ ಪಟ್ಟಿಯನ್ನು ಬರಿಗೈಯಿಂದ ಎಳೆದಳು. ಎಂಜಿನ್ ಆರುವಷ್ಟರಲ್ಲಿ ಅದರ ಬೆಲ್ಟು ಅವಳ ಕೈಯನ್ನು ಸೆಳೆದಿತ್ತು, ದೋಣಿಯ ಮೂತಿ ಕಲ್ಲಿಗೆ ಬಡಿದಿತ್ತು. ಒಂದು ಹಲಗೆ ಸೀಳಿತು. ಕೂತವರಿಗೆ ಏನೂ ಆಗಲಿಲ್ಲ.

ದಂಡೆಗೆ ಓಡಿಬಂದವರಲ್ಲಿ ಕಾಕಾನೂ ಇದ್ದ. ಎಲ್ಲರಿಗೂ ಕೇಳುವಂತೆ ಹೇಳಿದ: "ಹೆಂಗಸರ ಕೈಯಾಗ ಎಂಜಿನ್ ಕೊಟ್ರ ಹಿಂಗ ಆಗತೈತಿ."

"ವೈರ್ ನಿನ್ನ ಗಾಡ್ಯಾಗ ಐತಲ್ಲೋ ಕಾಕಾ!" ತಂಗಿ ಕಿರುಚಿದಳು.

"ಬಾಯಿ ಮುಚ್ಚಲೇ!" ಕಾಕಾ ಗದರಿದ.

ಅವ್ವ ಮುರಿದ ಬೆರಳು ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಹಾಯಿ ಮಡಚುತ್ತಿದ್ದ. ಹಚ್ಚು ಎಂದವನು ತಾನೇ ಎಂದು ಮಂದಿಗೆ ಹೇಳಲೇ ಇಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮರುವಾರ ಹೊಸ ವೈರ್ ಬಂತು. ಅದರ ಜೊತೆಗೆ ಎಂಜಿನ್ ನಡೆಸಲು ಕಾಕಾನ ಭಾವಮೈದುನನೂ ಬಂದ. ಆತ ನೀರಿನ ಕೊಳವೆಯ ಉಸುಕು ಕೆದರಲಿಲ್ಲ. ದಸರೆಯೊಳಗೆ ಎಂಜಿನ್ ಕಾದು, ಹಿಡಿದುಕೊಂಡು ಕೆಟ್ಟು ನಿಂತಿತು. ಊರು ಮಾತ್ರ ಕಾಕಾನ ಮಾತನ್ನೇ ಉಳಿಸಿಕೊಂಡಿತು. ಅವ್ವ ಮತ್ತೆ ದೋಣಿ ಹತ್ತಲಿಲ್ಲ. ಈಗ ಅಲ್ಲಿ ಸೇತುವೆ ಇದೆ, ದೋಣಿ ಸೌದೆಯಾಗಿದೆ. ಅವ್ವನ ಆ ಎರಡು ಬೆರಳು ಮಡಚುವುದಿಲ್ಲ.

ಹೋದ ತಿಂಗಳು ಕಾಕಾ ತೀರಿಕೊಂಡ. "ಮಣ್ಣ ಕೊಡಾಕರ ಬಾ," ಎಂದು ಅಪ್ಪ ಬಾಗಿಲಲ್ಲಿ ನಿಂತು ಕರೆದ. ಅವ್ವ ಏಳಲಿಲ್ಲ. ಅಪ್ಪ ಒಬ್ಬನೇ ಹೋಗಿ ಬಂದ.