ಕೆಂಪು ಬ್ಯಾಡ್ಜಿನ ಹುಡುಗಿಗೆ ಸೈನ್ಸ್ ಸೀಟು

೨೦೦೬ರಲ್ಲಿ ನಾನು ದೇಶದ ರಾಜಧಾನಿಯ ಪೀತಮ್‌ಪುರ ಬಡಾವಣೆಯ ಒಂದು ಖಾಸಗಿ ಶಾಲೆಯಲ್ಲಿ ಫಿಸಿಕ್ಸ್ ಟೀಚರ್ ಆಗಿದ್ದೆ. ಆ ವರ್ಷ ನಮ್ಮ ಪ್ರಿನ್ಸಿಪಾಲರಿಗೆ ‘ಲರ್ನಿಂಗ್ ಸ್ಟೈಲ್’ ಎಂಬ ಹೊಸ ಹುಚ್ಚು ಹಿಡಿಯಿತು. ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಇನ್ನು ಕೆಲವರು ಕೈಯಾರೆ ಮಾಡಿ ಎಂಬುದು ಅದರ ತಿರುಳು. ಅಷ್ಟಕ್ಕೇ ನಿಂತಿದ್ದರೆ ನನ್ನ ತಕರಾರಿರಲಿಲ್ಲ. ಕೋಟು ತೊಟ್ಟ ಕನ್ಸಲ್ಟೆಂಟ್ ಒಬ್ಬ ಬಂದು, ಅರ್ಧ ಗಂಟೆಯ ಟೆಸ್ಟ್ ಕೊಟ್ಟು, ಒಂಬತ್ತನೇ ಕ್ಲಾಸಿನ ಮಕ್ಕಳ ಎದೆಗೆ ನೀಲಿ, ಹಸಿರು, ಕೆಂಪು ಬ್ಯಾಡ್ಜ್ ಚುಚ್ಚಿ ಹೋದ. ಸಂತೆಯಲ್ಲಿ ದನಕ್ಕೆ ಗುರುತು ಹಾಕಿದ ಹಾಗೆ. ನನಗೆ ಅಸಹ್ಯವಾಯಿತು.

ಕೆಂಪು ಎಂದರೆ ಕೈಯಾರೆ ಕಲಿಯುವವರು. ಉಳಿದವರು ನೋಟ್ಸ್ ಬರೆಯುವಾಗ ಇವರಿಗೆ ಜೇಡಿಮಣ್ಣು, ಥರ್ಮೋಕೋಲ್. ಎರಡು ವರ್ಷ ಹೀಗೇ ನಡೆಯಿತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮೈಸೂರಿನವರೊಬ್ಬರ ಮಗಳು ಸಹನಾ ಅಂಥ ಕೆಂಪು ಹುಡುಗಿ. ಮನೆಯಲ್ಲೇ ಓದಿ ಬೋರ್ಡ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದಳು. ಡಾಕ್ಟರ್ ಆಗಬೇಕೆಂಬ ಆಸೆ. ಹನ್ನೊಂದನೇ ಕ್ಲಾಸಿನಲ್ಲಿ ಸೈನ್ಸ್ ಸಿಗದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಪ್ರಿನ್ಸಿಪಾಲರು ಬ್ಯಾಡ್ಜ್ ನೋಡಿ ಅವಳನ್ನು ಹೋಮ್ ಸೈನ್ಸಿಗೆ ಹಾಕಿದರು.

“ಆ ಟೆಸ್ಟಲ್ಲಿ ಏನು ಬರೆದಿದ್ದೆಯಮ್ಮಾ?” ಎಂದು ಕೇಳಿದೆ.

“ಖಾಲಿ ಟೈಮಲ್ಲಿ ಏನ್ ಮಾಡ್ತೀಯಾ ಅಂತ ಇತ್ತು ಮ್ಯಾಮ್. ಮಮ್ಮಿ ಡ್ಯೂಟಿಯಿಂದ ಲೇಟಾಗಿ ಬರ್ತಾರೆ, ಚಪಾತಿ ನಾನೇ ಮಾಡ್ತೀನಿ. ಇಸ್‌ಲಿಯೇ, ಅದಕ್ಕೇ ಕೈಕೆಲಸ ಅಂತ ಟಿಕ್ ಮಾಡ್ದೆ.”

ಚಪಾತಿ ಲಟ್ಟಿಸಿದ ತಪ್ಪಿಗೆ ಹುಡುಗಿಗೆ ಫಿಸಿಕ್ಸ್ ಇಲ್ಲ! ಅವಳ ತಂದೆಯನ್ನು ಕರೆಸಿದೆ. “ಟೆಸ್ಟಲ್ಲೇ ಬಂದಿದೆಯಲ್ಲ ಮೇಡಂ. ದೊಡ್ಡ ಸ್ಕೂಲು, ಅವ್ರಿಗೆ ಗೊತ್ತಿರಲ್ವಾ?” ಎಂದರು. ಮೊಹರು ಬಿದ್ದ ಕಾಗದಕ್ಕೆ ಎದುರಾಡಿ ಅಭ್ಯಾಸವಿಲ್ಲದ ಜೀವ.

ಪ್ರಿನ್ಸಿಪಾಲರ ಮಗನೂ ಅದೇ ಕ್ಲಾಸು. ಅವನದೂ ಕೆಂಪು ಬ್ಯಾಡ್ಜೇ, ಅಂಕ ಸಹನಾಗಿಂತ ಕಡಿಮೆ. ಅವನಿಗೆ ಮಾತ್ರ ಸೈನ್ಸ್ ಸಿಕ್ಕಿತ್ತು. ಹೋಗಿ ನೇರವಾಗಿ ಕೇಳಿದೆ.

“ಅವನ ಮಾತು ಬೇರೆ. ಕೋಚಿಂಗ್ ಹಾಕಿಸಿದ್ದೇನೆ” ಎಂದರು, ಹಿಂದಿಯಲ್ಲಿ, ನಾಚಿಕೆಯಿಲ್ಲದೆ.

“ಹಾಗಾದರೆ ಇದನ್ನೇ ಪೇರೆಂಟ್ಸ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿ” ಎಂದೆ.

ಮರುದಿನವೇ ಸಹನಾಗೆ ಸೈನ್ಸ್ ಸಿಕ್ಕಿತು. ಗೆದ್ದೆ ಎಂದುಕೊಂಡು ಬೀಗಿದೆ.

ಮೊದಲ ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ ಪಾಠ ಬರೆಯತೊಡಗಿದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಸಹನಾ ಪೆನ್ ಹಿಡಿದು ಸುಮ್ಮನೆ ಕೂತಿದ್ದಳು. ಏನಾಯಿತೆಂದು ಕೇಳಿದೆ.

“ಮ್ಯಾಮ್, ನಾನೂ ಬರ್ಕೋಬಹುದಾ?”

ಮಕ್ಕಳ ಇಷ್ಟ ಕೇಳಿ ಪಾಠ ಮಾಡಿ, ಬೇಡವೆನ್ನುವುದಿಲ್ಲ. ಆ ಇಷ್ಟವನ್ನೇ ಅವರ ಹಣೆಬರಹ ಮಾಡುವವರನ್ನು ಕಂಡರೆ ನನಗೆ ಇಂದಿಗೂ ವಾಕರಿಕೆ ಬರುತ್ತದೆ.