ಎಂಜಿನ್ನಿನ ಎಡಗಡೆ ಕುರ್ಚಿ

ನನ್ನ ಸೋದರಮಾವ ಕಸಿಮೀರುವಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ ಒಂದು ಕುರ್ಚಿ. ಅದು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ರೈಲು ಎಂಜಿನ್ನಿನ ಎಡಗಡೆ ಸಹಾಯಕನಾಗಿ ಅವನು ಕೂರುತ್ತಿದ್ದ, ಬಲಗಡೆ ಡ್ರೈವರನ ಕುರ್ಚಿಯಲ್ಲಿ ನಮ್ಮಪ್ಪ ಲಿಯೋನ್ಸಿಯು. ಅಂದರೆ ಅವನ ಅಕ್ಕನ ಗಂಡ.

ಆ ಎಂಜಿನ್ನಿನ ಹೆಸರು ಜಿ-ಹನ್ನೆರಡು. ಹನ್ನೆರಡು ಸಿಲಿಂಡರಿನ ಡೀಸೆಲ್ ಯಂತ್ರ ಒಳಗೆ ಗುಡುಗುತ್ತದೆ, ಆದರೆ ಚಕ್ರವನ್ನು ಮುಟ್ಟುವುದೇ ಇಲ್ಲ. ಅದು ಕರೆಂಟು ಹುಟ್ಟಿಸುತ್ತದೆ, ಆ ಕರೆಂಟು ಅಚ್ಚುಗಳಿಗೆ ಕಟ್ಟಿದ ಮೋಟಾರುಗಳನ್ನು ತಿರುಗಿಸುತ್ತದೆ. ನಮ್ಮಂಥವರ ತೆಳು ಹಳಿಗೆ ಭಾರವಾಗಬಾರದೆಂದು ಅಮೆರಿಕದವರು ಹಗುರಾಗಿ ಕಟ್ಟಿದ್ದು. ಐವತ್ತರ ದಶಕದಲ್ಲಿ ಬ್ರೆಜಿಲ್ಲಿಗೆ ಬಂತು. ಡ್ರೈವರನ ಕೋಣೆ ಒಂದೇ, ಅದೂ ಒಂದು ತುದಿಯ ಕಡೆಗೆ. ಉಗಿಬಂಡಿಯಲ್ಲಿ ಪಳಗಿದ ನಮ್ಮ ಪೊಂಟಾ ಗ್ರೊಸ್ಸಾ ಊರಿನವರು ಉದ್ದ ಮೂತಿಯನ್ನೇ ಮುಂದೆ ಮಾಡಿ ಓಡಿಸಿದರು. ಡಿಕ್ಕಿಯಾದರೆ ಮೊದಲು ಕಬ್ಬಿಣ ಸಾಯಲಿ ಎಂದು. ಮಾತು ಸರಿಯೇ, ಆದರೆ ಆ ಮೂತಿ ಕಣ್ಣಿಗೆ ಅಡ್ಡ ಗೋಡೆ. ಎಡಕ್ಕೆ ತಿರುಗುವ ಹಳಿಯಲ್ಲಿ ಡ್ರೈವರನಿಗೆ ಏನೂ ಕಾಣದು. ಅದಕ್ಕೇ ಸಹಾಯಕ ತನ್ನ ಕಡೆಯ ಸಿಗ್ನಲ್ ನೋಡಿ ಕೂಗಬೇಕು, ಡ್ರೈವರ್ ಅದನ್ನೇ ತಿರುಗಿ ಹೇಳಬೇಕು.

ಮಾವ ಡ್ರೈವರ್ ಪರೀಕ್ಷೆಗೆ ಮೊದಲ ಸಲ ಅರ್ಜಿ ಹಾಕಿದಾಗ ಮೇಲಿನವರು ಅಪ್ಪನ ಅಭಿಪ್ರಾಯ ಕೇಳಿದರು. "ಕೈ ಚೆನ್ನಾಗಿದೆ, ಗುಂಡಿಗೆ ಸಾಲದು" ಎಂದುಬಿಟ್ಟ ಅಪ್ಪ. ಆ ಮಾತು ಸಂಜೆಯೊಳಗೆ ಮಾವನ ಕಿವಿಗೆ ಬಿತ್ತು. ಅರ್ಜಿ ಬಿದ್ದುಹೋಯಿತು. ಎರಡನೆಯ ಸಲವೂ ಅದೇ ಪ್ರಶ್ನೆ, ಅದೇ ಉತ್ತರ.

ಅಲ್ಲಿಂದ ಸಿಗ್ನಲ್ ಕೂಗುವುದು ಬಿಟ್ಟರೆ ಇಬ್ಬರಿಗೂ ಮಾತಿಲ್ಲ. ಆದರೆ ಬಿಟ್ಟು ಹೋಗುವುದಾದರೂ ಎಲ್ಲಿಗೆ? ಮಾವ ಮದುವೆಯಾಗಿರಲಿಲ್ಲ, ನಮ್ಮ ಹಿತ್ತಲ ಕೋಣೆಯಲ್ಲೇ ಇದ್ದ. ಹಗಲೆಲ್ಲ ಆ ಡಬ್ಬಿಯೊಳಗೆ ಇಬ್ಬರೂ, ಸಂಜೆ ನಮ್ಮಡುಗೆಮನೆಯ ಒಲೆಯ ಮುಂದೆ ಇಬ್ಬರೂ. ಶಿಮರೌನ್ ಎಂಬ ಕಹಿ ಎಲೆಯ ಬಿಸಿ ಕಷಾಯ ಕುಡಿಯುವ ಸೋರೆಬುರುಡೆ ಕೈಯಿಂದ ಕೈಗೆ ಸುತ್ತು ಬರುತ್ತಿತ್ತು. ಅಪ್ಪ ಕೊಟ್ಟದ್ದನ್ನು ಮಾವ ಮುಖ ನೋಡದೆ ಈಸಿಕೊಳ್ಳುತ್ತಿದ್ದ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಒಂದನ್ನೊಂದು ಹಾಯುವಂತಿತ್ತು. "ನಿನ್ನ ಗಂಡ ಎಂಜಿನ್ನಲ್ಲಿ ತನ್ನ ಕಡೇದೂ ಸೇರಿ ಎಲ್ಲಾ ಸಿಗ್ನಲ್ಲೂ ನನ್ನ ಬಾಯಲ್ಲೇ ಮೊದ್ಲು ಹೇಳಿಸ್ತಾನೆ ಕಣಕ್ಕ, ದೊಡ್ಡ ದೊರೆ ಅವ್ನು" ಎಂದು ಅಮ್ಮನ ಹತ್ತಿರ ಕುದಿಯುತ್ತಿದ್ದ ಮಾವ. ಅಮ್ಮ ಜುಲ್ಮೀರಾ ಇಬ್ಬರ ತಟ್ಟೆಗೂ ಒಂದೇ ಸಮ ಹುರುಳಿಕಾಯಿ ಬಡಿಸುತ್ತಿದ್ದಳು.

ಮೂರನೆಯ ಸಲ ಹೊಸ ನಿಯಮ ಬಂತು: ಡ್ರೈವರನ ಅಭಿಪ್ರಾಯ ಬೇಡ, ಪರೀಕ್ಷೆಗೆ ಕೂತವನು ಸ್ವತಃ ಸರಕುಗಾಡಿ ಓಡಿಸಿ ತೋರಿಸಲಿ, ಅವನ ಡ್ರೈವರ್ ಎಡಗಡೆ ಕೂತು ಸಿಗ್ನಲ್ ಕೂಗಲಿ. ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ ಹೊಟ್ಟೆನೋವೆಂದು ಹಾಸಿಗೆ ಹಿಡಿದ. ಅಮ್ಮ ಸೋಂಪಿನ ಕಷಾಯ ಕುಡಿಸಿ, "ಈ ಸಲಾನೂ ಅಡ್ಡಗಾಲು ಹಾಕ್ಬೇಡಿ, ನನ್ನ ತಮ್ಮ ಮುದುಕ ಆಗೋದ್ರೊಳಗೆ ಬಿಟ್ಟುಕೊಡಿ" ಎಂದು ಎಬ್ಬಿಸಿ ಕಳಿಸಿದಳು.

ಮುಂದಿನದನ್ನು ಮಾವ ನನಗೆ ಹೇಳಿದ್ದು ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ.

ಹಿಂದೆ ಮರದ ದಿಮ್ಮಿ ತುಂಬಿದ ವ್ಯಾಗನ್ನುಗಳು. ಬಲಗಡೆ ಕುರ್ಚಿಯಲ್ಲಿ ಮಾವ, ಎಡಗಡೆ ಅಪ್ಪ, ಇಬ್ಬರ ಬೆನ್ನಿಗೆ ಇನ್‌ಸ್ಪೆಕ್ಟರ್ ಅಬೀಲ್ಯು. ಏರು ಸಲೀಸಾಗಿ ಹತ್ತಿತು. ಆಮೇಲೆ ಪೈನ್ ತೋಪಿನ ಹತ್ತಿರ ಹಳಿ ಎಡಕ್ಕೆ ತಿರುಗಿತು. ಮೂತಿ ಅಡ್ಡ ಬಂದು ಮಾವನಿಗೆ ಮುಂದಿನದೇನೂ ಕಾಣದಾಯಿತು. ಎಡಗಡೆಯಿಂದ ಕೂಗು ಬರಲಿಲ್ಲ. ಮಾವ ಕೇಳಿದ, ಮತ್ತೆ ಕೇಳಿದ. ಬೇಕೆಂದೇ ಕೆಡಿಸುತ್ತಿದ್ದಾನೆ ಎಂದು ಹಲ್ಲು ಕಚ್ಚಿ ತಿರುಗಿ ನೋಡಿದ. ಅಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ. ಅವನು ನೆಟ್ಟು ನೋಡುತ್ತಿದ್ದದ್ದು ಒಂದು ಬೋಳು ಪೈನ್ ಮರವನ್ನು. ಸಿಗ್ನಲ್ ಕಂಬ ಅಲ್ಲಿರಲೇ ಇಲ್ಲ, ಇನ್ನೂ ಮುಂದಿತ್ತು.

ಅಷ್ಟು ವರ್ಷದ ದೊರೆತನ ಏನೆಂದು ಮಾವನಿಗೆ ಆಗ ಹೊಳೆಯಿತು. ಅಪ್ಪನಿಗೆ ದೂರದ್ದು ಎಂದೋ ಮಸುಕಾಗಿತ್ತು. ಕಣ್ಣಿನ ಪರೀಕ್ಷೆಯ ಹಲಗೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡಿದ್ದ, ಹಳಿಯ ಮೇಲೆ ಮಾವನ ಬಾಯನ್ನೇ ಕಣ್ಣು ಮಾಡಿಕೊಂಡಿದ್ದ. ಆ ಬಾಯಿ ಡ್ರೈವರಾಗಿ ಹೊರಟುಹೋದರೆ ಅಪ್ಪನಿಗೆ ಕೆಲಸವಿಲ್ಲ, ಪಿಂಚಣಿಗೆ ಇನ್ನೂ ಎರಡು ವರ್ಷವಿತ್ತು, ಮನೆಯಲ್ಲಿ ನಾವು ಮೂವರು ಮಕ್ಕಳು.

ಮಾವ ಬ್ರೇಕ್ ಹಾಕಿದ. ಗಾಡಿ ನಿಂತಿತು. ಇನ್‌ಸ್ಪೆಕ್ಟರ್ ಇಳಿದು ಮುಂದೆ ಹೋಗಿ ನೋಡಿ ಬಂದ. ಸಿಗ್ನಲ್ ಹಸಿರೇ ಇತ್ತು. ಹಸಿರಿಗೆ ಯಾಕೆ ನಿಲ್ಲಿಸಿದೆ, ಯಂತ್ರದ ಗುಡುಗಿನಲ್ಲಿ ನನಗೇನೂ ಕೇಳಲಿಲ್ಲ, ನಿನ್ನ ಭಾವ ಕೂಗಲಿಲ್ಲವೇ ಎಂದು ಕೇಳಿದ.

ಇದ್ದದ್ದನ್ನು ಹೇಳಿದ್ದರೆ ಕುರ್ಚಿ ಮಾವನದಾಗುತ್ತಿತ್ತು. ಹೇಳಲೇಬೇಕಿತ್ತು ಎಂದು ಅವನ ಮುಖಕ್ಕೇ ಹೇಳಿದ್ದೇನೆ. ಕಣ್ಣು ಕಾಣದವನ ಕೈಗೆ ಗಾಡಿ ಕೊಡುವುದು ದೊಡ್ಡತನವಲ್ಲ, ಪಾಪ. ನನಗೆ ಈಗಲೂ ಇಬ್ಬರ ಮೇಲೂ ಸಿಟ್ಟಿದೆ, ಅಪ್ಪನ ಮೇಲೆ ಒಂದು ಹಿಡಿ ಜಾಸ್ತಿ.

"ಕೂಗಿದ್ರು ಸಾಹೇಬ್ರೇ" ಎಂದ ಮಾವ. "ನಂಗೇ ಗುಂಡಿಗೆ ಸಾಲ್ಲಿಲ್ಲ."

ಇನ್‌ಸ್ಪೆಕ್ಟರ್ ತಲೆಯಾಡಿಸಿ, ಇಬ್ಬರೂ ಜಾಗ ಬದಲಾಯಿಸಿ ಎಂದ. ಆ ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ಮೈ ತಾಗದೆ ದಾಟುವಂತಿರಲಿಲ್ಲ. ಅಪ್ಪನ ಅಂಗಿ ಬೆವರಿನಲ್ಲಿ ತೊಯ್ದಿತ್ತಂತೆ. ಮಾವ ತನ್ನ ಹಳೆಯ ಕುರ್ಚಿಯಲ್ಲಿ ಕೂತು ಕಿಟಕಿಯಿಂದ ಕತ್ತು ಹೊರಗೆ ಹಾಕಿದ.

"ಎಡಗಡೆ ಹಸಿರು."

"ಹಸಿರು" ಎಂದ ಅಪ್ಪ, ಗಾಡಿ ಹೊರಡಿಸಿದ.

ತಿರುವು ಮುಗಿದು ಹಳಿ ನೇರವಾಯಿತು. ಮಾವ ಎದ್ದು ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತು, ಅವನ ಹೆಗಲ ಮೇಲಿಂದ ಬಲಗಡೆ ಕಿಟಕಿಯಾಚೆ ನೋಡಿದ.

"ಬಲಗಡೇನೂ ಹಸಿರು, ಭಾವ."

ಅಪ್ಪ ಅದನ್ನೂ ತಿರುಗಿ ಹೇಳಬೇಕಿತ್ತು. ಆದರೆ ಅವನು ಮಾವನಿಗೆ ಸರಿಯಾಗಿ ಕಾಣಲೆಂದು ತಲೆ ಒಂದು ಕಡೆಗೆ ಬಾಗಿಸಿ ಜಾಗ ಬಿಟ್ಟನಂತೆ.