ಟವಲಿನಡಿಯ ರಾಜಿ

ಮೊನ್ನೆ ಮೊಮ್ಮಗಳು ಹಗ್ಗದ ಮೇಲಿಂದ ನನ್ನ ಟವಲು ಎಳೆದುಕೊಂಡು, ಅದರಡಿ ಕೈ ಬಚ್ಚಿಟ್ಟು, "ತಾತ, ಎಷ್ಟು ಬೆರಳು, ಹೇಳು!" ಎಂದಳು. ಆ ವಿದ್ಯೆಯಿಂದಲೇ ಅಲ್ಲವೇ ನಾನು ಈ ಮನೆ ಕಟ್ಟಿದ್ದು?

ನೋಡಿ, ನಾನು ಅರಕಲಗೂಡು ಕಡೆಯ ದನದ ದಲ್ಲಾಳಿ. ಸಂತೆಯಲ್ಲಿ ಕೊಡುವವನ ಕೈ, ಕೊಳ್ಳುವವನ ಕೈ ಟವಲಿನಡಿ ಸೇರುತ್ತವೆ; ಬೆರಳು ಹಿಸುಕಿಯೇ ಬೆಲೆ ಕುದುರುತ್ತದೆ, ಪಕ್ಕದವನಿಗೂ ತಿಳಿಯದು. (ನೀವು ಎತ್ತು ಕೊಳ್ಳುವುದಾದರೆ ಮೊದಲು ನಡೆಸಿ ನೋಡಿ, ಹಲ್ಲು ಆಮೇಲೆ.) ಎಂಥ ಜಗಳವನ್ನೂ ಹೀಗೆ ಸದ್ದಿಲ್ಲದೆ ಮುಗಿಸುವವನೆಂದು ಊರಲ್ಲಿ ನನಗೆ ಹೆಸರಿತ್ತು. ಸ್ವಲ್ಪ ಕೊಬ್ಬೂ ಇತ್ತು ಅನ್ನಿ.

ಎರಡು ಸಾವಿರದ ಇಸವಿಯ ಆಸುಪಾಸು. ಏಳನೇ ಕ್ಲಾಸಿನಲ್ಲಿದ್ದ ಮಗಳು ಸುಧಾ, ಅವಳ ಗೆಳತಿ, ಇಬ್ಬರೂ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದರು. ಲೆಕ್ಕದ ಮೇಷ್ಟ್ರು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿಕೊಂಡು, ಬಾಗಿಲು ಹಾಕಿ, ಮೈಮೇಲೆ ಕೈಹಾಕುತ್ತಿದ್ದನಂತೆ. ಸುಧಾ ಬಾಯಿ ಬಿಟ್ಟದ್ದು ಅವಳಮ್ಮನ ಹತ್ತಿರ, ನನ್ನ ಹತ್ತಿರವಲ್ಲ.

ವಿಷಯ ಕಿವಿಗೆ ಬಿದ್ದು ಹೆಡ್‌ಮೇಷ್ಟ್ರು ನನ್ನನ್ನು ಕರೆಸಿದರು. "ನೀವೇ ಬಗೆಹರಿಸ್ಬುಡಿ ಗೌಡ್ರೇ. ಸ್ಕೂಲಿನ ಮರ್ಯಾದೆ ಪ್ರಶ್ನೆ, ದೂರು ಗೀರು ಬೇಡ. ಅವ್ನನ್ನ ಹಿರೀಸಾವೆ ಕಡೆಗೆ ವರ್ಗ ಮಾಡಿಸ್ತೀವಿ."

ಒಪ್ಪಿದೆ. ಗೆದ್ದವನ ಹಾಗೆ ಮನೆಗೆ ಬಂದು, "ಮುಗೀತು ಕಣವ್ವಾ, ಅವ್ನು ಇನ್ನು ಈ ಕಡೀಕೆ ತಲೆ ಹಾಕಕಿಲ್ಲ" ಅಂದೆ.

ಸುಧಾ ಕೇಳಿದಳು: "ಆ ಸ್ಕೂಲಲ್ಲಿ ಹೆಣ್ಮಕ್ಕಳಿಲ್ವಾ ಅಪ್ಪಾ?"

ಒಲೆ ಮುಂದಿಂದ ಹೆಂಡತಿ, "ಹಾಯೋ ಎತ್ತ್ನ, ಹಾಯ್ತದೆ ಅನ್ನೋದ ಮುಚ್ಚಿಟ್ಟು, ಬ್ಯಾರೆ ಸಂತೇಲಿ ಮಾರ್ದಂಗಾಯ್ತು ನಿಮ್ ನ್ಯಾಯ!" ಎಂದಳು. ಅಂಥ ಎತ್ತನ್ನು ಒಮ್ಮೆ ನಿಜಕ್ಕೂ ಮಾರಿದ್ದೆ, ಅವಳಿಗದು ಗೊತ್ತಿತ್ತು.

ಮರುದಿನ ಟವಲು ಮನೆಯಲ್ಲೇ ಬಿಟ್ಟು, ಸುಧಾಳ ಗೆಳತಿಯ ಅಪ್ಪನನ್ನೂ ಕರೆದುಕೊಂಡು ಹೆಡ್‌ಮೇಷ್ಟ್ರ ಹತ್ತಿರ ಹೋದೆ. "ಸಾ, ನೆನ್ನೆ ಮಾತು ವಾಪಸ್. ಇಲ್ಲಿ ದೂರು ಬರ್ದು ತಂದಿದೀವಿ. ತಕಂಡಿದೀವಿ ಅಂತ ಸೀಲ್ ಹೊಡ್ದು ಕೊಡಿ."

"ದುಡುಕ್ಬೇಡಿ ಗೌಡ್ರೇ…"

"ಹೊಡೀರಿ ಸಾ. ಇಲ್ದಿದ್ರೂ ಇಲ್ಲಿಂದ ಸೀದಾ ಟೇಸನ್‌ಗೇ ಓಗೋದು."

ಸೀಲು ಬಿತ್ತು. ಒಂದು ಪ್ರತಿ ಶಿಕ್ಷಣಾಧಿಕಾರಿಗೆ, ಒಂದು ಪೊಲೀಸರಿಗೆ. ಬೇರೆ ತಂದೆತಾಯಂದಿರೂ ಬಂದರು. ಮೇಷ್ಟ್ರು ಸಸ್ಪೆಂಡಾಗಿ ಕೇಸು ನಡೆಯಿತು. ಹೆಡ್‌ಮೇಷ್ಟ್ರೂ ಮೇಲಿನವರಿಗೆ ಉತ್ತರ ಕೊಡಬೇಕಾಯಿತು. ಕ್ಲಾಸಿನ ಬಾಗಿಲುಗಳಿಗೆ ಗಾಜು ಬಂತು. ಮಕ್ಕಳ ಹೆಸರು ಮಾತ್ರ ಬೀದಿಗೆ ಬರದಂತೆ ನೋಡಿಕೊಂಡೆವು. ಮುಚ್ಚಬೇಕಾದ್ದು ಅದೊಂದೇ.

ಸುಧಾ ಈಗ ಹೊಳೆನರಸೀಪುರದಲ್ಲಿ ಟೀಚರು. ನೀವೂ ಮಗುವನ್ನು ಶಾಲೆಗೆ ಸೇರಿಸುವಾಗ ಕಟ್ಟಡ ನೋಡಿ ಮರುಳಾಗಬೇಡಿ. ದೂರು ಕೊಟ್ಟರೆ ಸೀಲು ಹೊಡೆಯುವವರು ಯಾರು ಅಂತ ಕೇಳಿ.

ಮೊಮ್ಮಗಳು ಇನ್ನೂ ಕಾಯುತ್ತಿದ್ದಳು. ಎಷ್ಟು ಬೆರಳೆಂದು ಟವಲಿನಡಿ ಕೈಹಾಕಿ ಮುಟ್ಟಿದ್ದರೆ ತಿಳಿಯುತ್ತಿತ್ತು.

"ಸೋತೆ ಕಣವ್ವಾ," ಅಂದೆ. "ಟವಲ್ ತೆಗ್ದು ತೋರ್ಸು."

ಮೂರು ಬೆರಳು. ಬಿಸಿಲಲ್ಲಿ, ಬೀದಿಯವರಿಗೂ ಕಾಣುವಂತೆ.